ಗುತ್ತಿಗೆದಾರರ ಸಾಮಗ್ರಿ ಬಾಕಿ ಮತ್ತು ನೋಂದಣಿ ಶಿಸ್ತುಕ್ರಮ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ಗ್ರಾಮ ಪಂಚಾಯಿತಿಯ ಕಾಮಗಾರಿಗಳಿಗೆ ಬೇಕಾಗುವ ಸಿಮೆಂಟ್, ಕಬ್ಬಿಣ, ಜಲ್ಲಿ, ಎಂ-ಸ್ಯಾಂಡ್, ಇಟ್ಟಿಗೆ, ಪೈಪು ಮೊದಲಾದ ಸಾಮಗ್ರಿಗಳನ್ನು ಗುತ್ತಿಗೆದಾರರು ಹಲವು ಸಂದರ್ಭಗಳಲ್ಲಿ ಸ್ಥಳೀಯ ಅಂಗಡಿ, ಕ್ರಷರ್ ಹಾಗೂ ಇಟ್ಟಿಗೆ ಗೂಡುಗಳಿಂದ ಉದ್ರಿಯಾಗಿ ಪಡೆಯುತ್ತಾರೆ. ಬಿಲ್ಲು ಪಾವತಿಯಾದ ಕೂಡಲೇ ಹಣ ತೀರಿಸುವ ಮಾತಿನ ಮೇಲೆ ಈ ವ್ಯವಹಾರ ನಡೆಯುತ್ತದೆ. ಚರಂಡಿ ಮುಗಿದು ನೀರು ಹರಿಯತೊಡಗಿದ ಮೇಲೂ ಬಾಕಿ ತೀರದೆ ಹೋದಾಗ ಅಂಗಡಿಯವರು ಬರುವುದು ಪಂಚಾಯಿತಿ ಕಚೇರಿಗೆ, ಇಲ್ಲವೇ ವಾರ್ಡಿನ ಸದಸ್ಯರ ಮನೆಗೆ. ಆ ಗುತ್ತಿಗೆದಾರರ ಮುಂದಿನ ಬಿಲ್ಲನ್ನು ತಡೆಹಿಡಿಯಬೇಕು, ಸಾಧ್ಯವಾದರೆ ಅವರ ಪರವಾನಗಿಯನ್ನೇ ರದ್ದುಪಡಿಸಬೇಕು ಎಂಬುದು ಅವರ ಬೇಡಿಕೆಯಾಗಿರುತ್ತದೆ.

ಇಂತಹ ಬೇಡಿಕೆಗೆ ರೂಢಿಯಲ್ಲಿ ಎರಡು ಉತ್ತರಗಳಿವೆ. 'ಅದು ನಿಮ್ಮಿಬ್ಬರ ವ್ಯವಹಾರ, ಪಂಚಾಯಿತಿಗೆ ಸಂಬಂಧವಿಲ್ಲ' ಎಂಬುದು ಒಂದು. 'ಆಗಲಿ, ಬಿಲ್ಲು ನಿಲ್ಲಿಸುತ್ತೇವೆ' ಎಂಬುದು ಇನ್ನೊಂದು. ಮೊದಲನೆಯದು ಅರ್ಧ ಸತ್ಯ. ಎರಡನೆಯದು ಪಂಚಾಯಿತಿಯನ್ನೇ ಕಾನೂನಿನ ತೊಡಕಿಗೆ ಸಿಲುಕಿಸುವ ಮಾತು. ಕಾಮಗಾರಿಯ ಹಣ ಕೈಸೇರಿದ ಮೇಲೂ ಸಾಮಗ್ರಿಯ ಬೆಲೆಯನ್ನು ಉದ್ದೇಶಪೂರ್ವಕವಾಗಿ ಕೊಡದಿರುವುದು ಗುತ್ತಿಗೆದಾರರ ಶಿಸ್ತಿಗೆ ಸಂಬಂಧಿಸಿದ ವಿಷಯ. ಪಂಚಾಯಿತಿಯಿಂದ ಹಣವೇ ಬಾರದ ಕಾರಣ ಕೊಡಲಾಗದಿರುವುದು ಮೊದಲಿಗೆ ಪಂಚಾಯಿತಿಯ ಶಿಸ್ತಿಗೆ ಸಂಬಂಧಿಸಿದ ವಿಷಯ. ಈ ವ್ಯತ್ಯಾಸವನ್ನು ಗುರುತಿಸದೆ ಕೈಗೊಳ್ಳುವ ಯಾವುದೇ ಕ್ರಮ ನ್ಯಾಯಸಮ್ಮತವಾಗಲಾರದು.

ಬಾಕಿ ಯಾರದು?

ಪಂಚಾಯಿತಿಯು ಕರಾರು ಮಾಡಿಕೊಂಡಿರುವುದು ಗುತ್ತಿಗೆದಾರರೊಂದಿಗೆ. ಗುತ್ತಿಗೆದಾರರು ಸಾಮಗ್ರಿ ಖರೀದಿಸಿರುವುದು ಅಂಗಡಿಯವರಿಂದ. ಇವು ಎರಡು ಪ್ರತ್ಯೇಕ ಕರಾರುಗಳು. ಒಂದು ಕರಾರಿಗೆ ಪಕ್ಷಕಾರರಲ್ಲದವರು ಸಾಮಾನ್ಯವಾಗಿ ಅದರ ಆಧಾರದ ಮೇಲೆ ಹಣ ಕೇಳುವಂತಿಲ್ಲ. ಆದ್ದರಿಂದ ಪೂರೈಕೆದಾರರಿಗೆ ಪಂಚಾಯಿತಿಯ ನಿಧಿಯ ಮೇಲೆ ನೇರ ಹಕ್ಕು ಇರುವುದಿಲ್ಲ.

ಸರಕಿನ ಮೇಲೂ ಅವರ ಹಿಡಿತ ಉಳಿಯುವುದಿಲ್ಲ. 1930ರ ಸರಕು ಮಾರಾಟ ಅಧಿನಿಯಮದ ಪ್ರಕಾರ, ಬೆಲೆ ಬಾರದ ಮಾರಾಟಗಾರರು ಸರಕು ತಮ್ಮ ಸ್ವಾಧೀನದಲ್ಲಿ ಇರುವವರೆಗೆ ಅದನ್ನು ತಡೆದಿಟ್ಟುಕೊಳ್ಳಬಹುದು. ಖರೀದಿದಾರರ ಕೈಗೆ ಒಪ್ಪಿಸಿದ ಮೇಲೆ ಆ ಹಕ್ಕು ಕೊನೆಗೊಳ್ಳುತ್ತದೆ. ಬಳಿಕ ಉಳಿಯುವುದು ಬೆಲೆಗಾಗಿ ದಾವೆ ಹೂಡುವ ಹಕ್ಕು. ಹಾಗಾಗಿ ಕಾಮಗಾರಿಗೆ ಅಳವಡಿಸಿದ ಪೈಪನ್ನು ಕಿತ್ತುಕೊಂಡು ಹೋಗಲು ಬರುವ ಪೂರೈಕೆದಾರರನ್ನು ತಡೆಯುವುದು ಪಂಚಾಯಿತಿಯ ಹೊಣೆ.

ಇಲ್ಲಿ ಕೂಲಿ ಬಾಕಿಗೂ ಸಾಮಗ್ರಿ ಬಾಕಿಗೂ ಇರುವ ಭೇದವನ್ನು ಸದಸ್ಯರು ನೆನಪಿನಲ್ಲಿಡಬೇಕು. ಗುತ್ತಿಗೆ ಕಾರ್ಮಿಕರ ಕಾನೂನು ಅನ್ವಯವಾಗುವ ಕಾಮಗಾರಿಗಳಲ್ಲಿ ಗುತ್ತಿಗೆದಾರರು ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿದ ಮೂಲ ಮಾಲೀಕರು ಅದನ್ನು ಕೊಟ್ಟು, ಗುತ್ತಿಗೆದಾರರಿಂದ ವಸೂಲು ಮಾಡಿಕೊಳ್ಳಬೇಕಾಗುತ್ತದೆ. ಸಾಮಗ್ರಿಯ ವಿಷಯದಲ್ಲಿ ಇಂತಹ ಏರ್ಪಾಡು ಇಲ್ಲ. 2005ರ ಉದ್ಯೋಗ ಖಾತರಿ ಅಧಿನಿಯಮದಡಿ ಕೈಗೊಂಡ ಕಾಮಗಾರಿಗಳ ಸ್ಥಿತಿಯೂ ಬೇರೆ. ಅವುಗಳಲ್ಲಿ ಗುತ್ತಿಗೆದಾರರಿಗೆ ಅವಕಾಶವಿಲ್ಲ. ಸಾಮಗ್ರಿಯ ಮೊತ್ತ ಪೂರೈಕೆದಾರರ ಖಾತೆಗೇ ಸಂದಾಯವಾಗಬೇಕು. ಅಂತಹ ಬಾಕಿಯ ದೂರು ಬಂದಾಗ ಪಂಚಾಯಿತಿಯು ತನ್ನ ಕಡತವನ್ನೇ ತೆರೆದು ನೋಡಬೇಕಾಗುತ್ತದೆ.

ಪರವಾನಗಿಯ ಮೇಲೆ ಅಧಿಕಾರ ಯಾರಿಗೆ?

ಗುತ್ತಿಗೆದಾರರ 'ಲೈಸೆನ್ಸು' ಎಂದು ರೂಢಿಯಲ್ಲಿ ಕರೆಯುವುದು ಸಾಮಾನ್ಯವಾಗಿ ಲೋಕೋಪಯೋಗಿ ಇಲಾಖೆಯ ನೋಂದಣಿಯನ್ನು. ವಿದ್ಯುತ್ ಕೆಲಸಗಳಿಗೆ ವಿದ್ಯುತ್ ಪರಿವೀಕ್ಷಣಾಲಯ ನೀಡುವ ಪರವಾನಗಿ ಬೇರೆ. ಇವುಗಳನ್ನು ಅಮಾನತುಗೊಳಿಸುವ ಅಥವಾ ರದ್ದುಪಡಿಸುವ ಅಧಿಕಾರ ನೀಡಿದ ಪ್ರಾಧಿಕಾರಕ್ಕೆ ಸೇರಿದ್ದು. ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯು 'ಪರವಾನಗಿ ರದ್ದುಪಡಿಸಲಾಗಿದೆ' ಎಂದು ನಿರ್ಣಯಿಸಿದರೆ ಅದಕ್ಕೆ ಬೆಲೆಯಿಲ್ಲ. ಪಂಚಾಯಿತಿ ಮಾಡಬಹುದಾದದ್ದು ತನ್ನ ಕರಾರಿನ ಷರತ್ತುಗಳಂತೆ ಕ್ರಮ ಕೈಗೊಳ್ಳುವುದು ಮತ್ತು ದಾಖಲೆಗಳ ಸಮೇತ ನೋಂದಣಿ ಪ್ರಾಧಿಕಾರಕ್ಕೆ ವರದಿ ಸಲ್ಲಿಸುವುದು. ಆ ವರದಿಯ ಮೇಲೆ ಪ್ರಾಧಿಕಾರವು ನೋಂದಣಿಯ ಷರತ್ತುಗಳನ್ನು ನೋಡಿ ತೀರ್ಮಾನಿಸುತ್ತದೆ.

ಸಾಮಗ್ರಿ ಬಾಕಿಯನ್ನೇ ಪರವಾನಗಿಯ ಶಿಸ್ತಿಗೆ ನೇರವಾಗಿ ಜೋಡಿಸಿರುವ ಕಾನೂನು ಹೇಗಿರುತ್ತದೆ ಎಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಉದಾಹರಣೆ ತಿಳಿವಳಿಕೆಗೆ ಒದಗುತ್ತದೆ. ಅಲ್ಲಿ ಗುತ್ತಿಗೆದಾರರ ಪರವಾನಗಿಗೆಂದೇ 1929ರಿಂದ ರಾಜ್ಯ ಮಂಡಳಿಯೊಂದಿದೆ. ಅಲ್ಲಿನ ಕಾನೂನಿನ 7120ನೇ ಪ್ರಕರಣದ ಪ್ರಕಾರ, ಕೊಡುವ ಸಾಮರ್ಥ್ಯವಿದ್ದೂ ಅಥವಾ ಆ ಕಾಮಗಾರಿಗಾಗಿ ಸಾಕಷ್ಟು ಹಣ ಪಡೆದಿದ್ದೂ ಸಾಮಗ್ರಿಯ ಬೆಲೆಯನ್ನು ಉದ್ದೇಶಪೂರ್ವಕವಾಗಿ ಕೊಡದಿರುವುದು ಶಿಸ್ತುಕ್ರಮಕ್ಕೆ ಕಾರಣವಾಗುತ್ತದೆ. ನಿರ್ಮಾಣ ಕೆಲಸಕ್ಕೆ ಸಂಬಂಧಿಸಿದ ಹಣದ ತೀರ್ಪು ತಮ್ಮ ವಿರುದ್ಧ ಬಂದು ಬಾಕಿ ಉಳಿದಿದ್ದರೆ ಗುತ್ತಿಗೆದಾರರು 90 ದಿನಗಳೊಳಗೆ ಮಂಡಳಿಗೆ ತಿಳಿಸಬೇಕು. ಹಣವನ್ನಾಗಲಿ ಭದ್ರತೆಯನ್ನಾಗಲಿ ಒದಗಿಸದಿದ್ದರೆ ಪರವಾನಗಿ ಅಮಾನತುಗೊಳ್ಳುತ್ತದೆ. ಪರವಾನಗಿ ಹೊಂದಲು ಸಲ್ಲಿಸಬೇಕಾದ ಭದ್ರತಾ ಪತ್ರದ ಮೊತ್ತ 2023ರ ಜನವರಿ 1ರಿಂದ 25,000 ಡಾಲರ್ ಆಗಿದೆ.

ಈ ಕಾನೂನು ಕರ್ನಾಟಕಕ್ಕೆ ಅನ್ವಯಿಸುವುದಿಲ್ಲ. ಆದರೆ ಅದರಲ್ಲಿರುವ ಒಂದು ವಿವೇಕ ಎಲ್ಲೆಡೆಗೂ ಸಲ್ಲುತ್ತದೆ: ಬಾಕಿ ಇದೆ ಎಂಬ ಒಂದೇ ಕಾರಣಕ್ಕೆ ಅಲ್ಲಿಯೂ ಶಿಸ್ತುಕ್ರಮ ಜರುಗುವುದಿಲ್ಲ. ಸಾಮರ್ಥ್ಯವಿತ್ತೇ, ಹಣ ಬಂದಿತ್ತೇ, ಬೇಕೆಂದೇ ಕೊಡಲಿಲ್ಲವೇ ಎಂಬುದನ್ನು ಮೊದಲು ನೋಡಲಾಗುತ್ತದೆ.

ದೂರು ಬಂದಾಗ ಕೇಳಬೇಕಾದ ಮೂರು ಪ್ರಶ್ನೆಗಳು

ಮೊದಲನೆಯದು: ಬಾಕಿ ಒಪ್ಪಿತವೇ ಅಥವಾ ತಕರಾರಿನಲ್ಲಿದೆಯೇ? ಜಲ್ಲಿಯ ಲೋಡು ಕಡಿಮೆ ಇತ್ತು, ಕಲ್ಲು ಪುಡಿಯಾಗಿತ್ತು, ಇಟ್ಟಿಗೆ ಸರಿಯಾಗಿ ಬೆಂದಿರಲಿಲ್ಲ ಎಂದು ಗುತ್ತಿಗೆದಾರರು ಲಿಖಿತವಾಗಿ ಹೇಳಿದರೆ ಅದು ಇಬ್ಬರ ನಡುವಿನ ವ್ಯಾಜ್ಯ. ಅದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ಅದೇ ಸಾಮಗ್ರಿಯನ್ನು ಕಾಮಗಾರಿಗೆ ಬಳಸಿದ್ದರೆ ಪಂಚಾಯಿತಿಯು ಕಿರಿಯ ಇಂಜಿನಿಯರರಿಂದ ಗುಣಮಟ್ಟದ ಪರಿಶೀಲನೆ ಮಾಡಿಸಲೇಬೇಕು. ಕಳಪೆ ಎಂದು ತಾವೇ ಹೇಳುವ ಜಲ್ಲಿಗೆ ಗುತ್ತಿಗೆದಾರರು ಪಂಚಾಯಿತಿಯಿಂದ ಪೂರ್ಣ ದರ ಪಡೆಯುವಂತಿಲ್ಲ.

ಎರಡನೆಯದು: ಸಾಮಗ್ರಿ ಬಂದದ್ದು ಈ ಕಾಮಗಾರಿಗೇ? ಒಬ್ಬರೇ ಗುತ್ತಿಗೆದಾರರು ಮೂರು ಊರುಗಳಲ್ಲಿ ಕೆಲಸ ಮಾಡುತ್ತಾ, ಜೊತೆಗೆ ಖಾಸಗಿ ಮನೆಯೊಂದನ್ನೂ ಕಟ್ಟಿಸುತ್ತಿರಬಹುದು. ಅಂಗಡಿಯ ಖಾತೆ ಪುಸ್ತಕದಲ್ಲಿ ಎಲ್ಲವೂ ಒಟ್ಟಿಗೆ ಸೇರಿರುತ್ತದೆ. ತೆರಿಗೆ ಬಿಲ್ಲಿನಲ್ಲಿ ಕಾಮಗಾರಿ ಸ್ಥಳದ ಹೆಸರು, ಸರಕು ಇಳಿಸಿಕೊಂಡವರ ಸಹಿ, ಜಲ್ಲಿ ಮತ್ತು ಮರಳಿಗೆ ಖನಿಜ ಸಾಗಣೆ ಪರವಾನಗಿ ಇವು ಪುರಾವೆಗಳು. ರಾಜಧನ ಕಡಿತ ತಪ್ಪಿಸಲು ಗುತ್ತಿಗೆದಾರರು ಬಿಲ್ಲಿನೊಂದಿಗೆ ಸಾಗಣೆ ಪರವಾನಗಿಗಳನ್ನು ಸಲ್ಲಿಸಿದ್ದರೆ, ಯಾವ ಕ್ರಷರಿನಿಂದ ಎಷ್ಟು ಸಾಮಗ್ರಿ ಬಂತೆಂಬುದು ಪಂಚಾಯಿತಿಯ ಕಡತದಲ್ಲಿಯೇ ಇರುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಆ ಸಾಮಗ್ರಿಯ ಹಣ ಗುತ್ತಿಗೆದಾರರಿಗೆ ಸಂದಾಯವಾಗಿದೆಯೇ? ಇದಕ್ಕೆ ಉತ್ತರ ಇರುವುದು ಅಳತೆ ಪುಸ್ತಕದಲ್ಲಿ ಮತ್ತು ಪಾವತಿ ವಹಿಯಲ್ಲಿ. ಒಂದು ಕಾಲ್ಪನಿಕ ಉದಾಹರಣೆಯನ್ನು ಗಮನಿಸಬಹುದು. ₹4,80,000 ಮೊತ್ತದ ಕಾಂಕ್ರೀಟ್ ಚರಂಡಿ. ಡಿಸೆಂಬರಿನಲ್ಲಿ ₹1,10,000 ಬೆಲೆಯ ಸಿಮೆಂಟ್ ಉದ್ರಿಯಾಗಿ ಬಂದಿದೆ. ಫೆಬ್ರುವರಿ 10ರಂದು ಅಂತಿಮ ಅಳತೆ ದಾಖಲಾಗಿದೆ. ಹಣ ಪಾವತಿಯಾದದ್ದು ಆಗಸ್ಟ್ 25ರಂದು. ಅಂಗಡಿಯವರು ಜೂನ್ ತಿಂಗಳಲ್ಲಿ ದೂರು ಕೊಟ್ಟಿದ್ದರೆ, ಅಳತೆಯಾಗಿ ನಾಲ್ಕು ತಿಂಗಳಾದರೂ ಬಿಲ್ಲು ಏಕೆ ನಿಂತಿದೆ ಎಂದು ಸಭೆಯು ಕೇಳಿಕೊಳ್ಳಬೇಕು. ಅದೇ ದೂರು ಅಕ್ಟೋಬರಿನಲ್ಲಿ ಬಂದು, ಬಾಕಿಯೂ ಒಪ್ಪಿತವಾಗಿದ್ದರೆ, ಉತ್ತರ ಕೊಡಬೇಕಾದವರು ಗುತ್ತಿಗೆದಾರರು. ಬಾಕಿ ಒಂದೇ, ಪಾವತಿಯ ದಿನಾಂಕ ಹೊಣೆಯನ್ನು ಬದಲಿಸಿದೆ.

ಬಿಲ್ಲು ವಿಳಂಬವಾದಷ್ಟೂ ಅದರ ಭಾರ ಕೊನೆಗೆ ಬೀಳುವುದು ಊರಿನ ಅಂಗಡಿಯ ಮೇಲೆ. ಒಮ್ಮೆ ಪೆಟ್ಟು ತಿಂದ ಅಂಗಡಿಯವರು ಮುಂದಿನ ಕಾಮಗಾರಿಗೆ ಉದ್ರಿ ಕೊಡುವುದಿಲ್ಲ, ಇಲ್ಲವೇ ದರ ಏರಿಸಿ ಕೊಡುತ್ತಾರೆ. ಸಿಮೆಂಟ್ ನಡುವೆ ನಿಂತು ಕೆಲಸ ಅರ್ಧಕ್ಕೆ ಉಳಿಯುತ್ತದೆ ಅಥವಾ ಇದ್ದ ಸಿಮೆಂಟಿನಲ್ಲೇ ಕೆಲಸ ಮುಗಿಸುವ ಪ್ರಯತ್ನ ನಡೆಯುತ್ತದೆ. ಹೀಗೆ ಬಾಕಿಯ ಪ್ರಶ್ನೆ ಗುಣಮಟ್ಟದ ಪ್ರಶ್ನೆಯಾಗಿ ಪಂಚಾಯಿತಿಗೇ ಮರಳುತ್ತದೆ.

ಪಂಚಾಯಿತಿ ಅನುಸರಿಸಬೇಕಾದ ಕ್ರಮ

1. ಮೌಖಿಕ ದೂರಿನ ಮೇಲೆ ಯಾವುದೇ ಕ್ರಮ ಕೈಗೊಳ್ಳಬಾರದು. ಪೂರೈಕೆದಾರರಿಂದ ಲಿಖಿತ ದೂರನ್ನೂ ತೆರಿಗೆ ಬಿಲ್ಲುಗಳ ಪ್ರತಿಗಳನ್ನೂ ಪಡೆದು, ಟಪಾಲು ವಹಿಯಲ್ಲಿ ನಮೂದಿಸಿ ಸ್ವೀಕೃತಿ ನೀಡಬೇಕು.

2. ದೂರಿನ ಪ್ರತಿಯನ್ನು ಗುತ್ತಿಗೆದಾರರಿಗೆ ಕಳುಹಿಸಿ ನಿಗದಿತ ದಿನದೊಳಗೆ ಲಿಖಿತ ಉತ್ತರ ಕೇಳಬೇಕು. ಅವರು ಬಾಕಿಯನ್ನು ಸಹಿ ಮಾಡಿ ಒಪ್ಪಿಕೊಂಡರೆ ಅದು ಪೂರೈಕೆದಾರರಿಗೂ ಉಪಯುಕ್ತ ದಾಖಲೆ.

3. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯು ಅಳತೆ, ಬಿಲ್ಲು ಸಲ್ಲಿಕೆ, ಪಾವತಿ ಮತ್ತು ಕಡಿತಗಳ ದಿನಾಂಕವಾರು ತಃಖ್ತೆಯನ್ನು ಸಿದ್ಧಪಡಿಸಿ ಸಭೆಯ ಮುಂದಿಡಬೇಕು. ವಿಳಂಬ ಪಂಚಾಯಿತಿಯದಾಗಿದ್ದರೆ ಬಿಲ್ಲು ವಿಲೇವಾರಿಯೇ ಮೊದಲ ಕ್ರಮ.

4. ಪೂರೈಕೆದಾರರ ದೂರೊಂದನ್ನೇ ಆಧರಿಸಿ ಬಿಲ್ಲು ತಡೆಹಿಡಿಯಬಾರದು. ಕರಾರಿನಲ್ಲಿ ಅಂತಹ ಷರತ್ತು ಇರಬೇಕು ಅಥವಾ ನ್ಯಾಯಾಲಯದ ಆದೇಶ ಬಂದಿರಬೇಕು. ಇವೆರಡೂ ಇಲ್ಲದೆ ತಡೆದರೆ ಬಡ್ಡಿ ಮತ್ತು ನಷ್ಟಕ್ಕಾಗಿ ಗುತ್ತಿಗೆದಾರರು ಪಂಚಾಯಿತಿಯ ಮೇಲೆಯೇ ದಾವೆ ಹೂಡಬಹುದು. ಭದ್ರತಾ ಠೇವಣಿ ಇರುವುದೂ ಪಂಚಾಯಿತಿಗೆ ಆಗಬಹುದಾದ ನಷ್ಟಕ್ಕಾಗಿ. ಅದರಿಂದ ಅಂಗಡಿಯ ಬಾಕಿ ತೀರಿಸಲು ಕರಾರು ಅವಕಾಶ ಕೊಟ್ಟಿರಬೇಕು.

5. ಗುತ್ತಿಗೆದಾರರಿಗೆ ಸಲ್ಲಬೇಕಾದ ಹಣವನ್ನು ಜಪ್ತಿ ಮಾಡಿ ನ್ಯಾಯಾಲಯವು ಆದೇಶಿಸಿದ್ದರೆ, ಆ ಆದೇಶ ಕಚೇರಿಗೆ ತಲುಪಿದ ಬಳಿಕ ಹಣ ಬಿಡುಗಡೆ ಮಾಡುವಂತಿಲ್ಲ. ಆದೇಶದ ಪ್ರತಿಯನ್ನು ಅಂದೇ ಸಂಬಂಧಿತ ಕಾಮಗಾರಿಯ ಕಡತಕ್ಕೆ ಸೇರಿಸಬೇಕು.

6. ಹಣ ಸಂದಾಯವಾಗಿದ್ದು, ಬಾಕಿ ಒಪ್ಪಿತವಾಗಿದ್ದು ಅಥವಾ ತೀರ್ಪಿನಿಂದ ಸಾಬೀತಾಗಿದ್ದು, ಆದರೂ ಗುತ್ತಿಗೆದಾರರು ಕೊಡದಿದ್ದರೆ, ಸಭೆಯ ನಿರ್ಣಯದೊಂದಿಗೆ ತಾಲ್ಲೂಕು ಪಂಚಾಯಿತಿಯ ಮೂಲಕ ನೋಂದಣಿ ಪ್ರಾಧಿಕಾರಕ್ಕೆ ವರದಿ ಸಲ್ಲಿಸಬೇಕು. ವರದಿಯಲ್ಲಿ ಸಂಗತಿಗಳು ಮತ್ತು ದಾಖಲೆಗಳು ಇರಬೇಕು, ವಿಶೇಷಣಗಳು ಬೇಡ.

ಕಪ್ಪುಪಟ್ಟಿ ಮತ್ತು ಸಹಜ ನ್ಯಾಯ

ಕಪ್ಪುಪಟ್ಟಿಗೆ ಸೇರಿದ ಗುತ್ತಿಗೆದಾರರು ಆ ಅವಧಿಯಲ್ಲಿ ಜೀವನೋಪಾಯವನ್ನೇ ಕಳೆದುಕೊಳ್ಳುವ ಸಂಭವವಿದೆ. ಆದ್ದರಿಂದ ಸರ್ವೋಚ್ಚ ನ್ಯಾಯಾಲಯವು ಈ ಕುರಿತು ಕಟ್ಟುನಿಟ್ಟಿನ ನಿಯಮಗಳನ್ನು ರೂಪಿಸಿದೆ. ಅಹವಾಲು ಹೇಳಿಕೊಳ್ಳಲು ಅವಕಾಶ ನೀಡದೆ ಕಪ್ಪುಪಟ್ಟಿಗೆ ಸೇರಿಸುವಂತಿಲ್ಲ ಎಂಬುದು ಎರೂಸಿಯನ್ ಎಕ್ವಿಪ್‌ಮೆಂಟ್ ಪ್ರಕರಣದಿಂದಲೂ ಸ್ಥಿರವಾಗಿರುವ ತತ್ವ. ಕಾರಣ ಕೇಳುವ ನೋಟಿಸಿನಲ್ಲಿ ಕಪ್ಪುಪಟ್ಟಿಗೆ ಸೇರಿಸುವ ಉದ್ದೇಶ ತಿಳಿಯುವಂತಿರಬೇಕು ಎಂದು 2014ರ ಗೋರ್ಖಾ ಸೆಕ್ಯುರಿಟಿ ಪ್ರಕರಣದಲ್ಲಿಯೂ 2020ರ ಯು.ಎಂ.ಸಿ. ಟೆಕ್ನಾಲಜೀಸ್ ಪ್ರಕರಣದಲ್ಲಿಯೂ ಹೇಳಲಾಗಿದೆ. ನಿಷೇಧವು ಶಾಶ್ವತವಾಗಿರಬಾರದು, ತಪ್ಪಿನ ಪ್ರಮಾಣಕ್ಕೆ ತಕ್ಕಂತಿರಬೇಕು ಎಂಬುದು ಕುಲ್ಜಾ ಇಂಡಸ್ಟ್ರೀಸ್ ಪ್ರಕರಣದ ಸಾರ.

'ನಿಮ್ಮ ಮೇಲೆ ಸೂಕ್ತ ಕ್ರಮ ಏಕೆ ಜರುಗಿಸಬಾರದು' ಎಂಬ ಸಾಮಾನ್ಯ ಒಕ್ಕಣೆಯ ನೋಟಿಸು ಈ ಪರೀಕ್ಷೆಯಲ್ಲಿ ನಿಲ್ಲುವುದು ಕಷ್ಟ. ಯಾವ ಬಾಕಿ, ಯಾವ ಕಾಮಗಾರಿ, ಹಣ ಪಾವತಿಯಾದ ದಿನಾಂಕ, ಯಾವ ಷರತ್ತಿನ ಉಲ್ಲಂಘನೆ ಮತ್ತು ಉದ್ದೇಶಿತ ಕ್ರಮ ಯಾವುದು ಎಂಬ ಐದೂ ಅಂಶಗಳು ನೋಟಿಸಿನಲ್ಲಿರಬೇಕು. ಕ್ರಮ ಜರುಗಿಸುವ ಅಧಿಕಾರ ಯಾರಿಗಿದೆಯೋ ಅವರೇ ನೋಟಿಸು ಹೊರಡಿಸಬೇಕು.

ಪೂರೈಕೆದಾರರಿಗೆ ಇರುವ ದಾರಿಗಳು

ದೂರು ತಂದವರನ್ನು ಬರಿಗೈಯಲ್ಲಿ ಕಳುಹಿಸಬೇಕಾಗಿಲ್ಲ. ಅವರಿಗಿರುವ ದಾರಿಗಳನ್ನು ತಿಳಿಸಿಕೊಡುವುದೂ ಸದಸ್ಯರು ಮಾಡಬಹುದಾದ ಸೇವೆ.

ಕ್ರಷರ್, ಇಟ್ಟಿಗೆ ಗೂಡು, ಸಿಮೆಂಟ್ ಬ್ಲಾಕ್ ಘಟಕದಂತಹ ಉತ್ಪಾದಕರು ಉದ್ಯಮ್ ನೋಂದಣಿ ಹೊಂದಿದ ಅತಿಸಣ್ಣ ಅಥವಾ ಸಣ್ಣ ಉದ್ಯಮಗಳಾಗಿದ್ದರೆ, 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಅಧಿನಿಯಮ ಅವರ ನೆರವಿಗಿದೆ. ಲಿಖಿತ ಒಪ್ಪಂದವಿದ್ದರೂ ಪಾವತಿಯ ಗಡುವು 45 ದಿನಗಳನ್ನು ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳ ಚಕ್ರಬಡ್ಡಿಯಾಗಿ ಕೊಡಬೇಕು. ಬ್ಯಾಂಕ್ ದರ ಶೇ 6 ಎಂದಿಟ್ಟುಕೊಂಡರೆ ₹1,00,000 ಬಾಕಿ ಒಂದು ವರ್ಷದಲ್ಲಿ ಸುಮಾರು ₹1,19,560 ಆಗುತ್ತದೆ. ವ್ಯಾಜ್ಯವನ್ನು ಸೌಲಭ್ಯ ಮಂಡಳಿಯ ಮುಂದೆ ಒಯ್ಯಬಹುದು. ಮಂಡಳಿಯ ತೀರ್ಪನ್ನು ಪ್ರಶ್ನಿಸುವ ಖರೀದಿದಾರರು ಮೊತ್ತದ ಶೇ 75ರಷ್ಟನ್ನು ಮೊದಲು ಠೇವಣಿ ಇಡಬೇಕು. ಸರಕು ಪೂರೈಸುವ ಮುನ್ನವೇ ನೋಂದಣಿ ಪಡೆದಿರುವುದು ಸುರಕ್ಷಿತ. ಈ ಬಗ್ಗೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬಹುದು.

ಸಿಮೆಂಟ್, ಕಬ್ಬಿಣ ಮಾರುವ ಅಂಗಡಿಗಳ ಸ್ಥಿತಿ ಬೇರೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರವು ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿಗೆ ಅವಕಾಶ ನೀಡಿತಾದರೂ, ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಸೀಮಿತಗೊಳಿಸಿತು. ಆದ್ದರಿಂದ ಅವರು ಸಿವಿಲ್ ದಾವೆಯನ್ನೇ ಅವಲಂಬಿಸಬೇಕು. ದಾವೆಯ ಕಾಲಮಿತಿ 3 ವರ್ಷ: ಉದ್ರಿಯ ಅವಧಿ ಗೊತ್ತುಪಡಿಸಿದ್ದರೆ ಅದು ಮುಗಿದ ದಿನದಿಂದ, ಇಲ್ಲವಾದರೆ ಸರಕು ಒಪ್ಪಿಸಿದ ದಿನದಿಂದ. ಕಾಲಮಿತಿಯೊಳಗೆ ಗುತ್ತಿಗೆದಾರರು ಬಾಕಿಯನ್ನು ಸಹಿ ಮಾಡಿದ ಬರಹದಲ್ಲಿ ಒಪ್ಪಿಕೊಂಡರೆ 3 ವರ್ಷ ಹೊಸದಾಗಿ ಆರಂಭವಾಗುತ್ತದೆ. ಪಂಚಾಯಿತಿ ಕಟ್ಟೆಯ ಮೇಲೆ ಕೊಟ್ಟ ಬಾಯಿಮಾತಿನ ವಾಯಿದೆಗೆ ಆ ಬಲವಿಲ್ಲ.

ಗುತ್ತಿಗೆದಾರರು ಕೊಟ್ಟ ಚೆಕ್ಕು ಹಣವಿಲ್ಲದೆ ಮರಳಿದ್ದರೆ 1881ರ ವರ್ಗಾವಣೀಯ ಲಿಖಿತಗಳ ಅಧಿನಿಯಮದ 138ನೇ ಪ್ರಕರಣ ಅನ್ವಯಿಸುತ್ತದೆ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ಲಿಖಿತ ನೋಟಿಸು ಕೊಡಬೇಕು. ನೋಟಿಸು ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ನ್ಯಾಯಾಲಯದಲ್ಲಿ ದೂರು ಸಲ್ಲಿಸಬೇಕು. ಸದಸ್ಯರ ಮಧ್ಯಸ್ಥಿಕೆಯ ಮಾತುಕತೆಯಲ್ಲಿ ಈ ದಿನಗಳು ಕಳೆದುಹೋಗದಂತೆ ನೋಡಿಕೊಳ್ಳಬೇಕು.

ತೆರಿಗೆ ಕಾನೂನಿನ ಒತ್ತಡವೂ ಇದೆ. ಸಾಮಗ್ರಿಯ ಮೇಲಿನ ಜಿ.ಎಸ್.ಟಿ.ಗೆ ಹೂಡುವಳಿ ತೆರಿಗೆ ಜಮೆ ಪಡೆದ ಗುತ್ತಿಗೆದಾರರು ಬಿಲ್ಲಿನ ದಿನಾಂಕದಿಂದ 180 ದಿನಗಳೊಳಗೆ ಪೂರೈಕೆದಾರರಿಗೆ ಹಣ ಕೊಡದಿದ್ದರೆ, ಆ ಜಮೆಯನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕಾಗುತ್ತದೆ. ಬಾಕಿ ಉಳಿಸಿಕೊಳ್ಳುವುದು ತಮಗೂ ನಷ್ಟ ಎಂಬುದನ್ನು ಗುತ್ತಿಗೆದಾರರಿಗೆ ಮನದಟ್ಟು ಮಾಡಿಸಬಹುದು.

ಟೆಂಡರ್ ಹಂತದಲ್ಲಿಯೇ ಎಚ್ಚರಿಕೆ

ಶಿಸ್ತುಕ್ರಮದ ಬೇರು ಇರುವುದು ಕರಾರಿನಲ್ಲಿ. ಬಾಕಿಯ ಬಗ್ಗೆ ಕರಾರು ಮೌನವಾಗಿದ್ದರೆ ಮುಂದೆ ಪಂಚಾಯಿತಿಯ ಕೈ ಕಟ್ಟಿಹೋಗುತ್ತದೆ. ಪರಿಗಣಿಸಬಹುದಾದ ಷರತ್ತುಗಳು ಹೀಗಿವೆ: ಕಾರ್ಯಾದೇಶದ ನಂತರ ಮುಖ್ಯ ಪೂರೈಕೆದಾರರ ಪಟ್ಟಿ ಸಲ್ಲಿಸುವುದು, ಅಂತಿಮ ಬಿಲ್ಲಿನೊಂದಿಗೆ ಸಾಮಗ್ರಿ ಬಾಕಿಯ ಬಗ್ಗೆ ಲಿಖಿತ ಘೋಷಣೆ ನೀಡುವುದು, ಒಪ್ಪಿತ ಬಾಕಿಯಿದ್ದಲ್ಲಿ ಅಷ್ಟೇ ಮೊತ್ತವನ್ನು ನಿರ್ದಿಷ್ಟ ಅವಧಿಯವರೆಗೆ ತಡೆಹಿಡಿಯಲು ಒಪ್ಪುವುದು, ಸುಳ್ಳು ಘೋಷಣೆಯನ್ನು ಕರಾರಿನ ಉಲ್ಲಂಘನೆಯೆಂದು ಪರಿಗಣಿಸುವುದು.

ಆದರೆ ರಾಜ್ಯ ಸರ್ಕಾರ ನಿಗದಿಪಡಿಸಿದ ಪ್ರಮಾಣಿತ ಟೆಂಡರ್ ದಾಖಲೆಗೆ ಪಂಚಾಯಿತಿಯು ತಾನಾಗಿಯೇ ಷರತ್ತು ಸೇರಿಸುವಂತಿಲ್ಲ. ಕರಡನ್ನು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗಳ ಮೂಲಕ ಕಳುಹಿಸಿ ಸಕ್ಷಮ ಪ್ರಾಧಿಕಾರದ ಅನುಮೋದನೆ ಪಡೆಯಬೇಕು. ಷರತ್ತು ಎಲ್ಲ ಬಿಡ್ಡುದಾರರಿಗೂ ಟೆಂಡರಿಗೆ ಮೊದಲೇ ತಿಳಿದಿರಬೇಕು. ಒಬ್ಬರಿಗಾಗಿ ನಡುವೆ ಸೇರಿಸಿದ ಷರತ್ತು ಊರ್ಜಿತವಾಗದು.

ಸದಸ್ಯರ ಸ್ವಂತ ಹಿತಾಸಕ್ತಿ

ಪಂಚಾಯಿತಿಯ ಕಾಮಗಾರಿಯಲ್ಲಾಗಲಿ ಕರಾರಿನಲ್ಲಾಗಲಿ ನೇರ ಅಥವಾ ಪರೋಕ್ಷ ಪಾಲು ಹೊಂದಿರುವುದು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 12ನೇ ಪ್ರಕರಣದಡಿ ಸದಸ್ಯತ್ವದ ಅನರ್ಹತೆಗೆ ಕಾರಣವಾಗುತ್ತದೆ. ಸಾಮಗ್ರಿ ಅಂಗಡಿ ಸದಸ್ಯರದೋ ಅವರ ಹತ್ತಿರದ ಸಂಬಂಧಿಕರದೋ ಆಗಿದ್ದು, ಅದೇ ಸದಸ್ಯರು ಬಾಕಿಗಾಗಿ ಬಿಲ್ಲು ತಡೆಯಲು ಸಭೆಯಲ್ಲಿ ಒತ್ತಾಯಿಸಿದರೆ ಇಡೀ ನಿರ್ಣಯವೇ ಸಂಶಯಕ್ಕೆ ಒಳಗಾಗುತ್ತದೆ. ಅಂತಹವರು ವಿಷಯವನ್ನು ಮೊದಲೇ ತಿಳಿಸಿ ಚರ್ಚೆಯಿಂದ ದೂರ ಉಳಿಯಬೇಕು. ಗುತ್ತಿಗೆದಾರರ ಪರವಾಗಿ ಅಂಗಡಿಯಲ್ಲಿ 'ಹಣಕ್ಕೆ ನಾನಿದ್ದೇನೆ' ಎಂದು ಜಾಮೀನು ನಿಲ್ಲುವುದೂ ಸಲ್ಲದು. ಆ ಮಾತಿಗೆ ಸದಸ್ಯರು ವೈಯಕ್ತಿಕವಾಗಿ ಹೊಣೆಯಾಗಬೇಕಾದೀತು.

ಪ್ರತಿ ತಿಂಗಳ ಸಾಮಾನ್ಯ ಸಭೆಯಲ್ಲಿ ಅಳತೆಯಾಗಿಯೂ ಪಾವತಿಯಾಗದ ಬಿಲ್ಲುಗಳ ಪಟ್ಟಿಯನ್ನು ದಿನಾಂಕಗಳೊಂದಿಗೆ ಮಂಡಿಸುವಂತೆ ಸದಸ್ಯರು ಕೇಳಬೇಕು. ಆ ಪಟ್ಟಿ ಚಿಕ್ಕದಾಗಿದ್ದರೆ ಅಂಗಡಿಯವರ ದೂರುಗಳಲ್ಲಿ ಹಲವು ಹುಟ್ಟುವುದೇ ಇಲ್ಲ. ಆ ಬಳಿಕವೂ ಬರುವ ದೂರಿನಲ್ಲಿ ತಪ್ಪು ಯಾರದೆಂಬುದನ್ನು ಗುರುತಿಸುವುದು ಸುಲಭವಾಗುತ್ತದೆ, ಮತ್ತು ನೋಂದಣಿ ಪ್ರಾಧಿಕಾರಕ್ಕೆ ಕಳುಹಿಸುವ ವರದಿಗೆ ತೂಕ ಬರುತ್ತದೆ.